ಅವ್ವನ ಮೂಗು

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ನಮ್ಮೂರು ಹೂಲಿಯಿಂದ ಸವದತ್ತಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಓದಿದೆ. ಈಗ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕಾಳು, ಸೊಪ್ಪು, ಮಸಾಲೆಗಳ ವಾಸನೆಯನ್ನು ಬಿಡಿಸಿ ನೋಡುವುದು ನನ್ನ ಕೆಲಸ. ಅದಕ್ಕೆ ಬೇಕಾದ ಮೂಗು ಅವ್ವ ಕೊಟ್ಟದ್ದು. ಗುರೆಳ್ಳು ಮೊದಲೇ ಕರ್ರಗೆ. ಹುರಿದದ್ದು, ಸೀದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಅವ್ವ ಹಂಚಿನ ಕಡೆ ತಿರುಗಿಯೂ ನೋಡದೆ, ರೊಟ್ಟಿ ಬಡಿಯುತ್ತ ಕೂತಲ್ಲಿಂದಲೇ "ಇಳಸ್ ಅದನ್ನ, ಆತು" ಅನ್ನುತ್ತಿದ್ದಳು.

ಅವ್ವನಿಗೆ ಬಂದಿದ್ದ ಕೊರೊನಾ ಜ್ವರ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಬರುತ್ತದೆ, ಕಾಯಿರಿ ಎಂದರು ಡಾಕ್ಟರು. ವರ್ಷಗಳು ಹೋದವು. ಹುರಿದಾಗೆಲ್ಲ ಗುರೆಳ್ಳು ಸೀದು ಕಹಿಯಾಗತೊಡಗಿತು. ಅವ್ವ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವುದನ್ನೇ ಬಿಟ್ಟಳು. ಕೇಳಿದರೆ ರಟ್ಟೆ ನೋಯುತ್ತದೆ ಎನ್ನುತ್ತಿದ್ದಳು.

ನಮ್ಮ ಯಂತ್ರದ ತುದಿಗೆ ಗಾಜಿನ ಕೊಳವೆಯೊಂದಿದೆ. ಬಿಸಿಮಾಡಿದ ಕಾಳಿನಿಂದ ಎದ್ದ ವಾಸನೆ ಒಳಗೆ ಬಿಡಿಬಿಡಿಯಾಗಿ, ಒಂದಾದ ಮೇಲೊಂದು ಅಲ್ಲಿ ಹೊರಬರುತ್ತದೆ. ಮೂಗಿಟ್ಟು ಕೂತವರು ಏನು ಬಂತು ಎಂದು ಹೇಳಬೇಕು. ಅದೇ ಹೊತ್ತಿಗೆ ಪರದೆಯ ಮೇಲೆ ಗೆರೆ ಮೇಲೇಳುತ್ತದೆ. ಎಲ್ಲ ಕೂಡಿ ಬಂದಾಗ ಸಿಗದ್ದು, ಬಿಡಿಯಾಗಿ ಬಂದರೆ ಒಂದಾದರೂ ಅವ್ವನಿಗೆ ಸಿಕ್ಕೀತು ಎಂಬ ಆಸೆ ನನಗೆ. ಸಾಹೇಬರನ್ನು ಕೇಳಿಕೊಂಡು ಒಂದು ರವಿವಾರ ಅವಳನ್ನು ಕರೆತಂದೆ. ಗುರೆಳ್ಳನ್ನು ಬೆಳಿಗ್ಗೆ ನಾನೇ ಹುರಿದಿದ್ದೆ.

ಸೆರಗು ಹೊದ್ದು ಕೊಳವೆಯ ಮುಂದೆ ಕೂತಳು.

"ಮೂಸಿ ನೋಡಾಕೂ ಪಗಾರ ಕೊಡತಾರೇನ ನಿನಗ?" ಎಂದು ನಕ್ಕಳು.

ಯಂತ್ರ ಶುರುಮಾಡಿದೆ. ತುಸು ಹೊತ್ತಿಗೇ ಅವಳ ಮುಖ ಅರಳಿತು.

"ಬಂತ ನೋಡವಾ. ಘಮ್ ಅಂತೈತಿ, ನಮ್ಮ ಮನ್ಯಾಗ ಹುರದಂಗ."

ಪರದೆಯ ಮೇಲೆ ಗೆರೆ ಇನ್ನೂ ಮಲಗಿತ್ತು. ಕೊಳವೆಯಿಂದ ಏನೂ ಹೊರಟಿರಲಿಲ್ಲ. ಆ ಗೆರೆ ಏನು ಹೇಳುತ್ತದೆ ಎಂಬುದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನು.

"ಹೌದಬೇ, ಬಂತು" ಅಂದೆ.

ಆಮೇಲೆ ಗೆರೆ ಎದ್ದಿತು. ಹಿಂದೆ ಬಗ್ಗಿ ನಿಂತಿದ್ದ ನನ್ನ ಮೂಗಿಗೂ ಹುರಿದ ಗುರೆಳ್ಳಿನ ವಾಸನೆಯ ಒಂದೆಳೆ ಬಡಿಯಿತು. ಕೊಳವೆಗೆ ಮೂಗು ಹಚ್ಚಿಕೊಂಡೇ ಅವ್ವ, ಸಂಜೆಯ ಸವದತ್ತಿ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು.