ತೆಂಕು ಗೋಡೆಯ ಕ್ಯಾಮೆರಾ

ಅಂಕಲ್ ದೋಸೆಯನ್ನೂ ಬೆಳಕಿಗೆ ಹಿಡಿದೇ ನೋಡುತ್ತಿದ್ದರು. ಎರಡೂ ಕೈಯಲ್ಲಿ ಅಂಚು ಹಿಡಿದು, ಗಲ್ಲ ಮೇಲೆತ್ತಿ, ಎಡಗಣ್ಣು ಸಣ್ಣದು ಮಾಡಿ, ಕಿಟಕಿಯ ಎದುರು ಒಂದು ಗಳಿಗೆ ತಡೆದು ಆಮೇಲೆ ತಟ್ಟೆಗೆ ಹಾಕಿಕೊಳ್ಳುವುದು. ಕರೆಂಟ್ ಬಿಲ್ಲಿಗೂ ಅದೇ ಮರ್ಯಾದೆ, ಕೊತ್ತಂಬರಿ ಸೊಪ್ಪಿಗೂ ಅದೇ. "ನೀರುದೋಸೆಗೆ ಎಲುಬು ಮುರಿದಿದೆಯಾ ಅಂತ ನೋಡುದು ಅವರು," ಎಂದು ಆಂಟಿ ಒಲೆಯ ಮುಂದಿನಿಂದಲೇ ಹೇಳುತ್ತಿದ್ದರು. "ಸಣ್ಣ ಬಿರುಕು ಉಂಟು, ತಿಂದ್ರೆ ಸರಿ ಹೋಗ್ತದೆ," ಎಂದು ಇವರು.

ನಾನು ಓದಲೆಂದು ಧಾರವಾಡದಿಂದ ಮೆಲ್ಬರ್ನ್‌ಗೆ ಬಂದವಳು. ಕ್ಲೇಟನ್‌ನ ಯೂನಿವರ್ಸಿಟಿಯಿಂದ ಬಸ್ಸಿನಲ್ಲಿ ಇನ್ನೂ ತೆಂಕಿಗೆ ಹೋದರೆ ಸಿಗುವ ಒಂದು ಸಬರ್ಬ್‌ನಲ್ಲಿ ಅವರ ಮನೆ. ಹಿಂದಿನ ರೂಮು ನನಗೆ ಬಾಡಿಗೆಗೆ ಕೊಟ್ಟಿದ್ದರು. ಉಡುಪಿ ಕಡೆಯವರು, ಗಂಡ ಹೆಂಡತಿ ಜಗಳವಾಡುವುದು ತುಳುವಿನಲ್ಲಿ, ರಾಜಿಯಾಗುವುದು ನನ್ನೆದುರು ಕನ್ನಡದಲ್ಲಿ. ಅಂಕಲ್ ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು ನಿವೃತ್ತರಾಗಿದ್ದರು. ಮಗಳು ಹತ್ತಿರದಲ್ಲೇ ಇದ್ದಳು. ಮೊಮ್ಮಗಳನ್ನು ದಿನಾ ಶಾಲೆಯಿಂದ ಕಾರಿನಲ್ಲಿ ಕರೆತರುವುದು ಅಜ್ಜನ ಕೆಲಸ.

ಎಕ್ಸ್-ರೇ ಬಿಟ್ಟಮೇಲೆ ಅವರು ಹಿಡಿದದ್ದು ಆಕಾಶದ ಚಟ. ಉತ್ತರ ಧ್ರುವದವರಿಗೆ ಇರುವಂಥದೇ ಬಣ್ಣದ ಬೆಳಕು ದಕ್ಷಿಣ ಧ್ರುವದ ಕಡೆಗೂ ಏಳುತ್ತದೆ, ಅರೋರಾ ಅನ್ನುತ್ತಾರೆ. ಜೋರಾಗಿ ಎದ್ದರೆ ಮೆಲ್ಬರ್ನ್‌ನಿಂದಲೂ ಸಿಗುತ್ತದೆ. ಅದಕ್ಕಾಗಿ ಮನೆಯ ಹಿಂದಿನ ಗೋಡೆಗೆ, ಸೂರಿನ ಕೆಳಗೆ, ತೆಂಕಿಗೆ ಮುಖ ಮಾಡಿ ಒಂದು ಕ್ಯಾಮೆರಾ ಬಿಗಿದಿದ್ದರು. ಕತ್ತಲಾದೊಡನೆ ಅದು ತಾನೇ ಶುರುವಾಗಿ ಬೆಳಗಿನ ತನಕ ಒಂದರ ಹಿಂದೊಂದು ಫೋಟೋ ತೆಗೆಯುತ್ತಿತ್ತು. ಬೆಳಿಗ್ಗೆ ಅವೆಲ್ಲ ಸೇರಿ ಕೆಲವೇ ನಿಮಿಷದ ಫಿಲಂ ಆಗುತ್ತಿತ್ತು. ಮೇಲೆ ಆಕಾಶ, ಕೆಳ ಅಂಚಿನಲ್ಲಿ ಬಟ್ಟೆ ಒಣಹಾಕುವ ತಂತಿ, ಲಿಂಬೆ ಗಿಡ, ಪಕ್ಕದ ಗೇಟು. ತಿಂಡಿಯ ಹೊತ್ತಿಗೆ ಅದನ್ನು ಹಾಕಿದರೆ ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ. ಹೆಚ್ಚಿನ ದಿನ ಮೋಡ, ವಿಮಾನ, ಪಕ್ಕದ ಮನೆಯ ಬೆಕ್ಕಿನ ಕಣ್ಣು.

ಆಂಟಿಗೆ ಅದು ಸುತರಾಂ ಇಷ್ಟವಿರಲಿಲ್ಲ. "ತೆಂಕು ಅಂದ್ರೆ ಯಮನ ದಿಕ್ಕು. ಆ ಕಡೆ ಮುಖ ಮಾಡಿ ನಾವು ದೀಪ ಇಡುದಿಲ್ಲ, ಊಟಕ್ಕೆ ಕೂರುದಿಲ್ಲ. ಇವರು ರಾತ್ರಿಯಿಡೀ ಕಣ್ಣು ತೆರೆದು ಇಡ್ತಾರೆ."

"ಅವನು ಬರುದಾದ್ರೆ ಒಂದು ಒಳ್ಳೆ ಫೋಟೋ ಆದ್ರೂ ಸಿಗ್ಲಿ," ಎಂದು ಅಂಕಲ್ ನಗುತ್ತಿದ್ದರು. "ಆದರೆ ಓಡಾಡುವವರು ಇದರಲ್ಲಿ ಮೂಡುದಿಲ್ಲ. ಕತ್ತಲೆ ಅಲ್ವಾ, ಒಂದೊಂದು ಫೋಟೋಕ್ಕೂ ಅದು ತುಂಬ ಹೊತ್ತು ಕಣ್ಣು ಬಿಟ್ಟಿರ್ತದೆ. ಅಲ್ಲಾಡದೆ ನಿಂತವರು ಮಾತ್ರ ಸಿಗುದು. ಎಕ್ಸ್-ರೇಗೂ ಹಾಗೆಯೇ. ಉಸಿರು ಹಿಡ್ಕೊಳ್ಳಿ ಅಂತ ಮತ್ತೆ ಯಾಕೆ ಹೇಳುದು?"

ಅವರ ವೃತ್ತಿಯಲ್ಲಿ ಒಂದು ಕಟ್ಟುಪಾಡು ಇತ್ತು. ಫಿಲಂ ತೆಗೆದವನು ರೋಗ ಹೇಳಬಾರದು, ಹೇಳುವವರು ಡಾಕ್ಟರು. ರೋಗಿಗಳೋ, ಮೊದಲು ಓದುವುದೇ ಇವರ ಮುಖವನ್ನು. ಅದಕ್ಕೆ ಅಂಕಲ್ ಒಂದು ಖಾಲಿ ಮುಖ ಮಾಡಿಟ್ಟುಕೊಂಡಿದ್ದರು. ಪರದೆಯ ಮೇಲೆ ಕೆಟ್ಟದ್ದೇನಾದರೂ ಕಂಡರೆ, ಆ ಮುಖದಲ್ಲೇ ತಿರುಗಿ, "ತಿಂಡಿ ಎಂಥ ಮಾಡಿದ್ರಿ?" ಎಂದು ಕೇಳುತ್ತಿದ್ದರಂತೆ. ಆಂಟಿಯ ತಮ್ಮ ಕೆಮ್ಮು ಅಂತ ಹೋದಾಗ ಎದೆಯ ಫಿಲಂ ನೋಡಿ ಅವನಿಗೂ ಅದನ್ನೇ ಕೇಳಿದ್ದರು. ಅವನು ಆರು ತಿಂಗಳೂ ಉಳಿಯಲಿಲ್ಲ. ಲೋಕವೆಲ್ಲ ಕುಶಲಕ್ಕೆ ಕೇಳುವ ಮಾತು ಆ ಮನೆಯಲ್ಲಿ ಮಾತ್ರ ನಿಷಿದ್ಧವಾಯಿತು. ನಾನು ಬಂದ ಹೊಸದರಲ್ಲಿ ವಾಡಿಕೆಯಂತೆ "ನಾಷ್ಟಾ ಏನ್ ಮಾಡೀರಿ ಆಂಟಿ?" ಅಂದಾಗ ಅವರು ಸೌಟು ಕೆಳಗಿಟ್ಟು ಈ ಕಥೆ ಹೇಳಿದರು. "ಊಟ ಆಯ್ತಾ ಅಂತ ಬೇಕಾದ್ರೆ ಕೇಳು," ಎಂದರು.

ಒಂದು ದಿನ ಬೆಳಿಗ್ಗೆ ಎಂದಿನಂತೆ ಫಿಲಂ ಓಡುತ್ತಿತ್ತು. ಆಕಾಶದಲ್ಲಿ ಏನೂ ಇರಲಿಲ್ಲ. ಕೆಳಗೆ ಬಟ್ಟೆಯ ತಂತಿಯ ಹತ್ತಿರ ಬೆಳ್ಳಗೆ ಏನೋ ಬಂದು ನಿಂತಿತು. ಬನಿಯನ್ನು, ಮುಂಡು, ಅಂಕಲ್ ರಾತ್ರಿ ಉಡುವಂಥದೇ. ಮೋಡಗಳು ಅಷ್ಟು ದೂರ ಹೋದರೂ ಅದು ಅಲ್ಲೇ ಇತ್ತು, ಆಮೇಲೆ ಇರಲಿಲ್ಲ. ಅಂಕಲ್ ನನ್ನ ಕಡೆ ತಿರುಗಿದರು. ಮುಖದಲ್ಲಿ ಏನೂ ಇರಲಿಲ್ಲ.

"ಇವತ್ತು ತಿಂಡಿ ಎಂಥ?" ಎಂದರು. ಅರ್ಧ ತಿಂದ ದೋಸೆ ಅವರ ಕೈಯಲ್ಲೇ ಇತ್ತು.

ಒಲೆಯ ಮುಂದೆ ಆಂಟಿಯ ಸೌಟಿನ ಸದ್ದು ನಿಂತಿತು. ಅವರು ತಿರುಗಿ ನೋಡಲಿಲ್ಲ.

ಆಮೇಲೆ ಅದು ಮತ್ತೆ ಮತ್ತೆ ಬಂತು. ಒಮ್ಮೆ ಲಿಂಬೆ ಗಿಡದ ಪಕ್ಕ, ಇನ್ನೊಮ್ಮೆ ಗೇಟಿನ ಹತ್ತಿರ. ಹಗಲಿನ ಅಂಕಲ್ ಮಾತ್ರ ಅದೇ ಅಂಕಲ್. ಅದೇ ತಮಾಷೆ, ಇಸ್ತ್ರಿ ಮಾಡಿದ ಅಂಗಿ, ಮಧ್ಯಾಹ್ನ ಮೂರಕ್ಕೆ ಕಾರು ತೆಗೆದು ಶಾಲೆಗೆ. ಕಾರು ಹೋದಮೇಲೆ ಆಂಟಿ ಹೊರಬಾಗಿಲಿಗೂ ಅಡುಗೆಮನೆಗೂ ತಿರುಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಮಗುವಿನ ಜಡೆ ಕಾಣುವವರೆಗೆ ಅವರಿಗೆ ಕೂರಲಾಗುತ್ತಿರಲಿಲ್ಲ. ನಾನು ಮನೆಯಲ್ಲಿದ್ದ ದಿನ ನನಗೂ ಅಷ್ಟೇ. ಒಂದು ವಾರಾಂತ್ಯ ಧೈರ್ಯ ಮಾಡಿ ಕೇಳಿಯೂಬಿಟ್ಟೆ.

"ಆಂಟಿ, ಮಗಳಿಗೆ ಹೇಳೂಣೇನ್ರಿ?"

"ಅವರ ಫಿಲಂ ಅದು. ಅವರೇ ಓದ್ಲಿ," ಎಂದರು. "ಓದದಿದ್ರೆ ಸೋಮವಾರ ನಾನೇ ಹೇಳ್ತೇನೆ."

ಆ ಭಾನುವಾರ ರಾತ್ರಿಯೇ ಬೆಳಕು ಬಂತು. ನಾವು ಮೂವರೂ ಮಲಗಿಬಿಟ್ಟಿದ್ದೆವು. ಅಂದರೆ, ಹಾಗೆಂದುಕೊಂಡಿದ್ದೆವು. ಬೆಳಿಗ್ಗೆ ಫಿಲಂ ಹಾಕಿದರೆ ಆಕಾಶವೆಲ್ಲ ಕೆಂಪು. ಮೊದಲು ಅಂಚಿನಲ್ಲಿ ಹಸಿರು, ಅದರ ಮೇಲೆ ಓಕುಳಿ ಚೆಲ್ಲಿದ ಹಾಗೆ ಕೆಂಪು, ಅದರೊಳಗೆ ಬಿಳಿ ಕಂಬಗಳು ಎದ್ದು ನಡೆದು ಹೋಗುತ್ತಿದ್ದವು. ಅಂಕಲ್ ವರ್ಷಗಟ್ಟಲೆ ಕಾದದ್ದು ಅದಕ್ಕೇ. ಆದರೆ ಅವರ ಕಣ್ಣು ಮೇಲಿರಲಿಲ್ಲ. ಕೆಳಗೆ ಗೇಟು ಪೂರಾ ತೆರೆದಿತ್ತು. ಅದರ ಪಕ್ಕ ಅವರೇ ನಿಂತಿದ್ದರು, ಬರಿಗಾಲಲ್ಲಿ, ಕೈಯಲ್ಲಿ ಕಾರಿನ ಕೀ. ಅಷ್ಟು ದೊಡ್ಡ ಬೆಳಕು ಬೆನ್ನ ಹಿಂದೆ ಉರಿಯುತ್ತಿದ್ದರೆ ಅವರು ಅದಕ್ಕೆ ಬೆನ್ನು ಹಾಕಿ ನಮ್ಮನ್ನೇ ನೋಡುತ್ತಿದ್ದರು. ಯಾರ ಮನೆ ಇದು ಎಂದು ಕೇಳುವವರ ಹಾಗೆ.

ಫಿಲಂ ಮುಗಿಯಿತು. ಅಂಕಲ್ ತಿಂಡಿಯ ಮಾತೆತ್ತಲಿಲ್ಲ. ಎದ್ದು ಹೋಗಿ ಕೀ ತಂದು ಆಂಟಿಯ ಕೈಯೊಳಗಿಟ್ಟು ಬೆರಳು ಮಡಚಿದರು.

"ಇದು ನಾನು," ಎಂದರು. "ನನಗೆ ಒಂದೂ ನೆನಪಿಲ್ಲ. ಇನ್ನು ಮಗುವನ್ನು ಕರ್ಕೊಂಡು ಬರ್ಲಿಕ್ಕೆ ನಾನು ಹೋಗುದಿಲ್ಲ. ಡಾಕ್ಟರು ಆಮೇಲೆ ಹೇಳ್ಲಿ, ನಾನು ಈಗ ಹೇಳ್ತಾ ಇದ್ದೇನೆ."

ಆಯುಸ್ಸಿಡೀ ಪಾಲಿಸಿದ ಕಟ್ಟುಪಾಡನ್ನು ಅವರು ಮುರಿದದ್ದು ಅದೊಂದೇ ಸಲ, ಅದೂ ತಮ್ಮ ಮೇಲೆಯೇ. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಗೌರವ ಬೇರೆ ಯಾರ ಮೇಲೂ ಹುಟ್ಟಿಲ್ಲ. ಡಾಕ್ಟರೂ ಅದನ್ನೇ ಹೇಳಿದರು, ಮರೆವಿನ ಕಾಯಿಲೆ.

ನಾನು ಓದು ಮುಗಿಸಿ ಕೆಲಸ ಸಿಕ್ಕಿ ಸಿಡ್ನಿಗೆ ಬಂದೆ. ಮ್ಯಾಕ್ವೆರಿ ಪಾರ್ಕ್‌ನಲ್ಲಿ ಆಫೀಸು, ದಿನಾ ಮೆಟ್ರೋ. ಕೊನೆಯ ಸಲ ಮೆಲ್ಬರ್ನ್‌ಗೆ ಹೋದಾಗ ಅಂಕಲ್‌ಗೆ ನನ್ನ ಗುರುತಿರಲಿಲ್ಲ. ಆ ಕೆಂಪು ರಾತ್ರಿಯ ಫಿಲಂ ಹಾಕಿಸಿಕೊಂಡು ಕೂತಿದ್ದರು. "ಪಾಪ, ಯಾರೋ ಚಳಿಯಲ್ಲಿ ನಿಂತಿದ್ದಾನೆ," ಎಂದರು. "ಸ್ವಲ್ಪ ಹಿಂದೆ ತಿರುಗಿ ನೋಡ್ಲಿಕ್ಕೆ ಹೇಳಿ ಅವನಿಗೆ." ನಾನು ಆಗಲಿ ಎಂದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕ್ಯಾಮೆರಾ ತೆಗೆಸಲು ಮಗಳು ಬಂದರೆ ಬೇಡವೆಂದವರು ಆಂಟಿಯೇ, ಯಮನ ದಿಕ್ಕು ಎಂದು ಜಗಳವಾಡುತ್ತಿದ್ದ ಆಂಟಿ. ಈಗ ಬೆಳಿಗ್ಗೆ ಫಿಲಂ ಹಾಕಿ ಒಬ್ಬರೇ ನೋಡುತ್ತಾರೆ. ಆಕಾಶ ನೋಡುವುದಿಲ್ಲ, ಬಟ್ಟೆಯ ತಂತಿಯ ಕಡೆ ನೋಡುತ್ತಾರೆ. ಭಾನುವಾರ ನಾನು ಫೋನ್ ಮಾಡಿದಾಗ, "ಯಾರೂ ಇಲ್ಲ ಮಾರಾಯ್ತಿ," ಎನ್ನುತ್ತಾರೆ. ನನಗೂ ಸಮಾಧಾನ, ಅವರಿಗೂ ಒಂದು ಬಗೆಯ ಸಮಾಧಾನ.

ಹೋದ ಭಾನುವಾರವೂ ಫೋನ್ ಮಾಡಿ ಕೇಳಿದೆ, "ಫಿಲಂ ನೋಡಿದ್ರೇನ್ರಿ ಆಂಟಿ?"

"ನೋಡಿದೆ," ಎಂದರು. ಆಮೇಲೆ ಏರಿಳಿತವಿಲ್ಲದ ದನಿಯಲ್ಲಿ ಕೇಳಿದರು:

"ನಿಂದು ಇವತ್ತು ತಿಂಡಿ ಎಂಥ?"