ಗೇಟಿನ ಪಕ್ಕದ ಜಾಗ

ಬಟವಾಡಿಯ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಆಗ ಕಾರ್ಯದರ್ಶಿಯಾಗಿದ್ದವರು ಮೊದಲ ಮಹಡಿಯ ಒಬ್ಬ ಗೃಹಿಣಿ. ಮಾತಿಗೆ ಮುಂಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಲಿಫ್ಟ್ ರಿಪೇರಿಯಿರಲಿ, ಗಣೇಶನ ಪೆಂಡಾಲಿರಲಿ, ಅವರದು ಒಂದೇ ಪ್ರಶ್ನೆ: "ಹೆಚ್ಚುಕಮ್ಮಿ ಆದ್ರೆ ಯಾರ್ರೀ ಜವಾಬ್ದಾರಿ?"

ನಾವು ಎಲೆಕ್ಟ್ರಿಕ್ ಕಾರು ಕೊಂಡು, ಪಾರ್ಕಿಂಗ್ ಜಾಗದಲ್ಲಿ ಚಾರ್ಜರ್ ಹಾಕಿಸಲು ಸಂಘದ ಒಪ್ಪಿಗೆ ಕೇಳಿದಾಗಲೂ ಅದನ್ನೇ ಕೇಳಿದರು. ದಿನವೂ ಕುಣಿಗಲ್ಲಿಗೆ ಹೋಗಿಬರುವ ನಮ್ಮ ಯಜಮಾನರು ಬೇಸತ್ತರು. "ಆಯಮ್ಮ ಒಪ್ಪಲ್ಲ ಕಣೇ, ಕಾರ್ ಮಾರ್ಬಿಡೋಣ."

ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ಕೋಣೆಯ ಕಿಟಕಿಗೆ ಒತ್ತಿದಂತೆ ಮಂಚ, ಅದರ ಮೇಲೆ, ನಡೆಯಲಾಗದ ಅವರ ಅತ್ತೆ. ಕಿಟಕಿಯ ನೇರ ಕೆಳಗೆ ನಮ್ಮ ಕಾರು ನಿಂತಿತ್ತು.

"ಬೆಂಕಿ ಗಿಂಕಿ ಅಂದ್ರೆ ನೀವೆಲ್ಲ ಓಡ್ತೀರ. ಇವ್ರನ್ನ ನಾನೊಬ್ಳೇ ಹೆಂಗ್ ಕೆಳಗಿಳಿಸ್ಲಿ?" ಎಂದರು ಮೆಲ್ಲಗೆ.

"ಅಂಥಾ ಟೈಮ್ ಬಂದ್ರೆ ನಿನಗಿಂತ ಮುಂಚೆ ಓಡ್ತೀನಿ ಬುಡು," ಎಂದು ಅತ್ತೆ ನಕ್ಕರು. ಸೊಸೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಬಾಗಿಲು ತಟ್ಟಿದರು. ಗೇಟಿನ ಪಕ್ಕದ ತಮ್ಮ ಜಾಗದಿಂದ ಕಾರನ್ನು ಆಗಲೇ ಹೊರಗೆ ತೆಗೆದಿದ್ದರು. "ನಿಮ್ದು ಅಲ್ಲಿ ಹಾಕ್ಕೊಳ್ಳಿ. ಕಿಟಕಿ ಕೆಳಗೆ ನಮ್ದು ಇರ್ಲಿ."

ಚಾರ್ಜರ್ ಬಂದ ದಿನ ಅವರು ಕೆಳಗಿಳಿದು ಬಂದರು. ಕಾರು ಚಾರ್ಜಾಗುತ್ತಿತ್ತು. ಮಗುವಿನ ಜ್ವರ ನೋಡುವಂತೆ, ಚಾರ್ಜರ್ ಕೂರಿಸಿದ ಗೋಡೆಗೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಮೇಲಿನ ಕಿಟಕಿಯತ್ತ ಮುಖವೆತ್ತಿ ಹೇಳಿದರು:

"ತಣ್ಣಗೈತೆ ಕಣತ್ತೆ. ಮಲಕ್ಕೊಳ್ಳಿ."