ಕೇರ್ನ್ಸ್‌ನ ಕೆಸರು

ಡೈರಿ ಆಂಟಿಯ ಬಲಗೈ ತೋರುಬೆರಳು ಉಗುರಿನಿಂದ ಮೊದಲ ಗೆಣ್ಣಿನವರೆಗೆ ಸದಾ ನೀಲಿ. ಬ್ರೆಡ್ಡು, ಬಾಳೆಹಣ್ಣುಗಳ ಬೆಲೆಚೀಟಿ ಬರೆಯುವ ದಪ್ಪ ಮಾರ್ಕರ್ ಪೆನ್ನಿನ ಮುಚ್ಚಳ ಎಂದೋ ಕಳೆದುಹೋಗಿತ್ತು. ಮಸಿ ಒಣಗದಿರಲೆಂದು ಅದರ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಅವರು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. ಹೊಸ ಪೆನ್ನು ತಗೊಳ್ಳಬಾರದೇ ಎಂದರೆ, ಇದರಲ್ಲಿ ಇನ್ನೂ ಜೀವ ಇದೆ ಎನ್ನುವರು. ಚಳಿಗಾಲದಲ್ಲಿ ಮೈಮೇಲೆ ಗಂಡನ ಕಿತ್ತಳೆ ಬಣ್ಣದ ಮಿರಮಿರ ಮಿಂಚುವ ಜಾಕೆಟ್ಟು, ಕಾಲಿಗೆ ಉಣ್ಣೆಯ ಕಾಲುಚೀಲ, ಅದರ ಮೇಲೊಂದು ಹವಾಯಿ ಚಪ್ಪಲಿ.

ಇಲ್ಲಿ ನ್ಯೂಜಿಲೆಂಡಿನಲ್ಲಿ ಬೀದಿ ಮೂಲೆಯ ಚಿಲ್ಲರೆ ಅಂಗಡಿಗೆ ಡೈರಿ ಎನ್ನುತ್ತಾರೆ. ಹಾಲಷ್ಟೇ ಅಲ್ಲ, ಪತ್ರಿಕೆಯಿಂದ ಹಿಡಿದು ಸೊಳ್ಳೆಬತ್ತಿಯವರೆಗೆ ಎಲ್ಲ ಸಿಗುತ್ತದೆ. ಆಂಟಿಯದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಬಸ್‌ಸ್ಟಾಪಿನ ಎದುರಿಗೇ ಇತ್ತು. ನಾನು ತುಮಕೂರಿನಿಂದ ಓದಲು ಬಂದ ಮೊದಲ ವಾರ, ಅಲ್ಲಿ ನಿಂತು ಮೊಸರಿನ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ಓದುತ್ತಿದ್ದೆ. ಆಂಟಿ ಏನೂ ಕೇಳದೆ ಒಳಗೆ ಹೋಗಿ ಒಂದು ಪುಟ್ಟ ಡಬ್ಬಿಯಲ್ಲಿ ಹೆಪ್ಪು ತಂದುಕೊಟ್ಟರು. ಗದಗಿನ ಕಡೆಯ ಮಾತಿನಲ್ಲಿ, ರಾತ್ರಿ ಹಾಲನ್ನು ಹೀಟರಿನ ಪಕ್ಕ ಇಡಬೇಕು, ಮೇಲೆ ಇಡಬಾರದು ಎಂದು ಹೇಳಿಕೊಟ್ಟರು. ಇವತ್ತಿಗೂ ನಮ್ಮ ಮನೆಯ ಮೊಸರು ಅದೇ ಹೆಪ್ಪಿನ ಮರಿಮೊಮ್ಮಗ. ನಾನು ಓದು ಮುಗಿಸಿ ಫಾರ್ಮಸಿಸ್ಟ್ ಆದೆ, ಇಲ್ಲೇ ನೆಲೆಯಾದೆ, ಫ್ಲ್ಯಾಟ್‌ಮೇಟುಗಳು ಬದಲಾದರು. ಹೆಪ್ಪು ಬದಲಾಗಲಿಲ್ಲ.

ಆದರೆ ಆಂಟಿ ಹೆಸರಾಗಿದ್ದು ಹೆಪ್ಪಿನಿಂದಲ್ಲ, ಕೇರ್ನ್ಸ್‌ನಿಂದ.

ಆಕ್ಲೆಂಡಿನಲ್ಲಿ ಜುಲೈ ಎಂದರೆ ಮಳೆ, ಥಂಡಿ, ಒಣಗದ ಬಟ್ಟೆ. ಊರಿನಿಂದ ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರು ಬಿಸಿನೀರಿನ ಚೀಲ ತಬ್ಬಿಕೊಂಡು ಸೋಫಾದ ಮೂಲೆ ಹಿಡಿಯುತ್ತಾರೆ. ಆಗ ನಮ್ಮವರೆಲ್ಲ ಮಾಡುವ ಒಂದೇ ಕೆಲಸವೆಂದರೆ ಅವರನ್ನು ಐದು ದಿನ ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಹಾಕುವುದು. ಹಪ್ಪಳ ಒಣಗಿಸಿದ ಹಾಗೆ. ಹೋಗುವ ಮುಂಚೆ ಎಲ್ಲರೂ ಆಂಟಿಯ ಹತ್ತಿರ ಬರುತ್ತಿದ್ದರು. ಕೌಂಟರಿನ ಗಾಜಿನ ಕೆಳಗೆ ಆ ಊರಿನ ದೊಡ್ಡ ನಕ್ಷೆ ಇತ್ತು. ಆಂಟಿ ಅದನ್ನು ಹೊರಗೆಳೆದು, ಮಾರ್ಕರಿನಿಂದ ಗೀಟು ಎಳೆಯುತ್ತ ಹೇಳಲು ಶುರುಮಾಡಿದರೆ ಹಿಂದೆ ನಿಂತವರ ಹಾಲು ಬೆಚ್ಚಗಾಗುತ್ತಿತ್ತು.

ಕುರಾಂಡಾ ಬೆಟ್ಟಕ್ಕೆ ಹೋಗುವಾಗ ಹಳೆಯ ರೈಲು, ಬರುವಾಗ ಕಾಡಿನ ನೆತ್ತಿಯ ಮೇಲೆ ಕೇಬಲ್ ಕಾರು, ತಿರುಗಾಮುರುಗಾ ಮಾಡಬೇಡಿ. ಹವಳದ ದಿಬ್ಬಕ್ಕೆ ಹೋಗುವ ಬೋಟಿನಲ್ಲಿ ನಡುವೆ ಕೂಡಿ, ಬಾಯಲ್ಲಿ ಶುಂಠಿ ಪೆಪ್ಪರ್‌ಮಿಂಟ್ ಇರಲಿ. ಈಜು ಬರದವರು ತಳಕ್ಕೆ ಗಾಜು ಹಾಕಿದ ದೋಣಿ ಹತ್ತಿ, ಮೀನು ಕಾಲ ಕೆಳಗೇ ಬರುತ್ತದೆ. ಮೊಸಳೆ ನೋಡಲು ಬೆಳಿಗ್ಗೆ ಹೋಗಿ, ಬಿಸಿಲಿಗೆ ಬಂದು ಮಲಗಿರುತ್ತದೆ. ಸಂಜೆ ಸುಮ್ಮನೆ ತಲೆಯೆತ್ತಿ ನಿಲ್ಲಿ, ಸಾವಿರಾರು ಬಾವಲಿಗಳು ಹೋಗುತ್ತವೆ, ಅದಕ್ಕೆ ಟಿಕೆಟ್ಟಿಲ್ಲ. ಹೀಗೆ ಹೇಳಿ, ವಾಪಸ್ ಬಂದ ಮೇಲೆ ಮೊದಲು ಅಂಗಡಿಗೆ ಬರಬೇಕೆಂದು ತಾಕೀತು ಮಾಡುವರು. ಹೋಗಿಬಂದವರು ವರದಿ ಒಪ್ಪಿಸುವಾಗ ಆಂಟಿ ಲೆಕ್ಕ, ಗಿರಾಕಿ ಎರಡನ್ನೂ ಮರೆತು ಕೇಳುತ್ತಿದ್ದರು. ಮುಖದಲ್ಲಿ ಅಂಥ ಸಂತೋಷ.

ಅವರ ಯಜಮಾನರು ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಪೆಟ್ಟಿಗೆ ಏರಿಸುವ ಕೆಲಸದಲ್ಲಿದ್ದರು. ನಮ್ಮ ಮಂದಿಯ ಅರ್ಧ ಪೆಟ್ಟಿಗೆಗಳು ಕೇರ್ನ್ಸ್‌ಗೆ ಹೋಗಿದ್ದು ಅವರ ಕೈಯಿಂದಲೇ ಇರಬೇಕು.

ಮೂರು ವರ್ಷದ ಹಿಂದೆ ನನ್ನ ಅಪ್ಪ ಅಮ್ಮ ಬಂದರು. ಅಪ್ಪನಿಗೆ ಆಷಾಢದ ಅಮಾವಾಸ್ಯೆಗೆ ಸಮುದ್ರಸ್ನಾನ ಮಾಡಬೇಕೆಂಬ ಆಸೆ. ಆಕ್ಲೆಂಡಿನ ಸಮುದ್ರಕ್ಕೆ ಜುಲೈನಲ್ಲಿ ಕಾಲಿಟ್ಟರೆ ಪುಣ್ಯದ ಜೊತೆಗೆ ನ್ಯುಮೋನಿಯಾನೂ ಬರುತ್ತದೆ. ಆಂಟಿಯನ್ನು ಕೇಳಿದೆ. ಅವರು ನಕ್ಷೆಯಲ್ಲಿ ಊರ ಮುಂದಿನ ನೀಲಿಯ ಮೇಲೆ ನೀಲಿ ಬೆರಳಿಟ್ಟು, ಇಲ್ಲೇ, ಹೋಟೆಲ್ ಬಾಗಿಲು ತೆಗೆದರೆ ಸಮುದ್ರ, ನೀರು ಕಾಸಿಟ್ಟ ಹಾಗಿರುತ್ತದೆ ಎಂದರು. ನಾನು ಎದುರಿಗೇ ಇರುವ ಹೋಟೆಲು ಹಿಡಿದೆ. ಅಪ್ಪ ತುಮಕೂರಿನ ಸ್ನೇಹಿತರಿಗೆಲ್ಲ ಫೋನು ಮಾಡಿ ಹೇಳಿಕೊಂಡಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪ ಪಂಚೆಯುಟ್ಟು, ಹೆಗಲಿಗೆ ಟವೆಲು ಹಾಕಿ, ಊರಿನಿಂದ ತಂದಿದ್ದ ತಾಮ್ರದ ಚೊಂಬು ಹಿಡಿದು ರಸ್ತೆ ದಾಟಿದರು. ಹಿಂದೆ ಅಮ್ಮ, ಅವಳ ಹಿಂದೆ ನಾನು. ಕಟ್ಟೆಯ ಹತ್ತಿರ ಹೋಗಿ ನೋಡಿದರೆ ಸಮುದ್ರವಿಲ್ಲ. ಕಣ್ಣು ಹಾಯುವವರೆಗೆ ಬೂದು ಬಣ್ಣದ ಕೆಸರು, ಅದರಲ್ಲಿ ನಾಲ್ಕು ಹಕ್ಕಿ, ಪಕ್ಕದಲ್ಲಿ ಬಾಯ್ತೆರೆದ ಮೊಸಳೆಯ ಚಿತ್ರವಿರುವ ಹಳದಿ ಬೋರ್ಡು. ಇಳಿತದ ಹೊತ್ತಿನಲ್ಲಿ ಅಲ್ಲಿ ನೀರೇ ಇರುವುದಿಲ್ಲವಂತೆ. ನೀರಿದ್ದಾಗ ಮೊಸಳೆ ಇರಬಹುದಂತೆ. ಊರ ಮುಂದೆ ಯಾರೂ ಸಮುದ್ರಕ್ಕೆ ಇಳಿಯುವುದೇ ಇಲ್ಲ, ಅದಕ್ಕೇ ದಡದಲ್ಲಿ ದೊಡ್ಡದೊಂದು ಈಜುಕೊಳ ಕಟ್ಟಿದ್ದಾರೆ.

ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಈಜುಕೊಳದ ಕಾವಲಿನವನ ಹತ್ತಿರ ಹೋಗಿ, ಈ ನೀರು ಎಲ್ಲಿಂದ ಬರುತ್ತದೆ ಎಂದು ತನಿಖೆ ಮಾಡಿದರು. ಸಮುದ್ರದ ನೀರನ್ನೇ ಸೋಸಿ ಬಿಡುತ್ತೇವೆ ಎಂದ ಅವನು. ಅಷ್ಟು ಸಾಕು ಎಂದು ಅಪ್ಪ ಮೂರು ಮುಳುಗು ಹಾಕಿ ಸಂಕಲ್ಪ ಮುಗಿಸಿದರು.

“ಸೋಸಿದ ಪುಣ್ಯ. ಕಸಕಡ್ಡಿ ಇರಲ್ಲ ಬಿಡಿ” ಎಂದಳು ಅಮ್ಮ.

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲ ಗೊತ್ತಿರುವವಳ ಹಾಗೆ ಅವರನ್ನು ಕರೆದುಕೊಂಡು ಹೋಗಿದ್ದೆನಲ್ಲ, ಮೂಗು ಕುಯ್ದಂತಾಗಿತ್ತು. ಮಿಕ್ಕ ನಾಲ್ಕು ದಿನ ರೈಲು, ಹವಳ, ಬಾವಲಿ ಎಲ್ಲವೂ ಆಂಟಿ ಹೇಳಿದ ಹಾಗೇ ನಡೆದವು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಆ ಕೆಸರೊಂದೇ. ಅಲ್ಲಿ ಒಂದು ಬೆಳಿಗ್ಗೆ ನಿಂತವರಿಗೂ ಗೊತ್ತಾಗುವ ಸಂಗತಿ ಅದು.

ವಾಪಸ್ ಬಂದ ಶನಿವಾರ ಅಂಗಡಿಗೆ ಹೋದೆ. ಐದಾರು ಜನ ನಮ್ಮವರೇ ಇದ್ದರು. ಆಂಟಿ ಪೆನ್ನಿನ ತುದಿ ಒತ್ತಿ ಹಿಡಿದು, ಹೇಳು ಎನ್ನುವಂತೆ ಮುಂದಕ್ಕೆ ಬಾಗಿದರು. ನನ್ನ ಬಾಯಿಗೆ ಯಾವತ್ತೂ ಬೀಗವಿಲ್ಲ.

“ಆಂಟಿ, ನೀವು ಒಂದು ದಿನಾನೂ ಆ ಊರಿಗೆ ಹೋಗೇ ಇಲ್ಲ, ಅಲ್ವಾ?”

ಅಷ್ಟಕ್ಕೇ ಬಿಡದೆ ಅಪ್ಪನ ಚೊಂಬು, ಮೊಸಳೆ ಬೋರ್ಡು ಎಲ್ಲವನ್ನೂ ಬಣ್ಣಿಸಿ ಎಲ್ಲರನ್ನೂ ನಗಿಸಿದೆ.

“ಇಲ್ಲವ್ವಾ, ಹೋಗಿಲ್ಲ” ಎಂದರು ಆಂಟಿ. “ಹೋಗಿ ಬಂದಾವ್ರು ಹೇಳಿದ್ದನ್ನ ನಾ ಹೇಳೇನಿ. ಕೆಸರಿನ ಸುದ್ದಿ ಯಾರೂ ಹೇಳಿದ್ದಿಲ್ಲ.”

ಇದ್ದ ಮಾತು ಅಷ್ಟೇ. ಅವರು ಯಾವತ್ತೂ ತಾವು ಹೋಗಿದ್ದಾಗಿ ಹೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ. ವಾರದ ಏಳು ದಿನವೂ ತೆರೆದಿರುವ ಅಂಗಡಿಯವರು ಯಾವಾಗ ಹೋಗಿರಲು ಸಾಧ್ಯ ಎಂದು ನನಗಾದರೂ ಹೊಳೆಯಬೇಕಿತ್ತು. ಅವರ ಕೇರ್ನ್ಸ್ ಪೂರ್ತಿ ನಮ್ಮ ಬಾಯಿಂದಲೇ ಕೂಡಿಸಿದ್ದು. ಪ್ರವಾಸದಿಂದ ಬಂದವರು ಯಾರು ತಾನೇ ಕೆಸರಿನ ಕಥೆ ಹೇಳುತ್ತಾರೆ? ನಾವು ಒಳ್ಳೆಯದನ್ನಷ್ಟೇ ಹೇಳಿದ್ದೆವು.

ಮುಂದಿನ ವಾರ ಗಾಜಿನ ಕೆಳಗೆ ನಕ್ಷೆ ಇರಲಿಲ್ಲ. ಅಲ್ಲೊಂದು ಮೊಬೈಲ್ ಕಂಪನಿಯ ಜಾಹೀರಾತು. ಯಾರಾದರೂ ಕೇರ್ನ್ಸ್ ಬಗ್ಗೆ ಕೇಳಿದರೆ, ಇಂಟರ್‌ನೆಟ್ಟಿನಲ್ಲಿ ಎಲ್ಲ ಇದೆ ಎಂದು ಚಿಲ್ಲರೆ ಕೊಟ್ಟು ಕಳಿಸುತ್ತಿದ್ದರು. ನನ್ನ ಮೇಲೆ ಕೋಪವೇನೂ ತೋರಿಸಲಿಲ್ಲ, ಬ್ರೆಡ್ಡು ಹೊಸದು ಬಂದಿದೆ ನೋಡು ಎಂದು ಎಂದಿನಂತೆ ಹೇಳಿದರು. ಇನ್ನೂ ಒಂದು ವಾರ ಕಳೆದ ಮೇಲೆ ಅವರ ಕೈ ಕಡೆ ಕಣ್ಣು ಹೋಯಿತು. ಹೊಸ ಪೆನ್ನು ಬಂದಿತ್ತು, ಅದಕ್ಕೆ ಮುಚ್ಚಳವಿತ್ತು. ಬೆರಳು ತೊಳೆದ ಹಾಗೆ ಬೆಳ್ಳಗಿತ್ತು. ಒಬ್ಬರ ಮಾತನ್ನು ನಿಲ್ಲಿಸಿಬಿಡುವುದು ಎಷ್ಟು ಸುಲಭ ಎಂದು ಅವತ್ತು ಗೊತ್ತಾಯಿತು.

ಒಂದು ಭಾನುವಾರ ಮಧ್ಯಾಹ್ನ ಡಬ್ಬಿಯಲ್ಲಿ ಕೋಸಂಬರಿ ಹಾಕಿಕೊಂಡು ಹೋದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಆಂಟಿ ಬಿಡಲಿಲ್ಲ, ಕೋಸಂಬರಿಗೆ ಉಪ್ಪು ಯಾವಾಗ ಹಾಕಿದೆ ಎಂದು ಕೇಳಿದರು. ಕೊನೆಗೆ ನಾನೇ ನೇರವಾಗಿ ಹೇಳಿದೆ. ಬರುವ ಜುಲೈನಲ್ಲಿ ನಾನು ಒಂದು ವಾರ ರಜೆ ತೆಗೆದುಕೊಳ್ಳುತ್ತೇನೆ, ಅಂಗಡಿ ನಾನು ನೋಡಿಕೊಳ್ಳುತ್ತೇನೆ, ನೀವಿಬ್ಬರೂ ಹೋಗಿ ಬನ್ನಿ. ಆಂಟಿ ನೂರೆಂಟು ನೆಪ ತೆಗೆದರು. ಹಾಲಿನ ವ್ಯಾನು ಬೆಳಗಿನ ಜಾವ ಬರುತ್ತದೆ, ಎರಡನೇ ಫ್ರಿಜ್ಜಿಗೆ ಆಗಾಗ ಒದೆಯಬೇಕು, ಎದುರು ಮನೆಯ, ಈ ದೇಶದವನೇ ಆದ ಅಜ್ಜನಿಗೆ ಪತ್ರಿಕೆಯನ್ನು ಮಡಿಸದೆ ಕೊಡಬೇಕು. ಎಲ್ಲಕ್ಕೂ ಆಗಲಿ ಎಂದೆ. ನೆಪಗಳು ಮುಗಿದವು. ಆಂಟಿ ಹೊಸ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

“ಅಲ್ಲಿ ಹೋಗಿ ನೋಡಿದಾಗ ಹಂಗ ಇರದಿದ್ರ ಏನ್ ಮಾಡ್ಲಿ ತಂಗಿ? ಕೆಸರೊಂದ ತಪ್ಪಿದ್ರ ತಪ್ಪಲಿ. ಉಳದದ್ದೂ ಸುಳ್ಳಾದ್ರ? ಇಷ್ಟು ಮಂದಿನ್ನ ನಾ ಕಳಿಸೇನಿ.”

ಅಂಗಡಿಯಲ್ಲ, ಇದು ಅವರನ್ನು ಹಿಡಿದಿಟ್ಟಿದ್ದು. ಅಷ್ಟರಲ್ಲಿ ಒಳಗಿನಿಂದ, ರಾತ್ರಿ ಪಾಳಿ ಮುಗಿಸಿ ಮಲಗಿದ್ದಾರೆಂದು ನಾವು ತಿಳಿದಿದ್ದ ಯಜಮಾನರ ದನಿ ಬಂತು. ಅವರು ವರ್ಷಕ್ಕೆ ನಾಲ್ಕು ಮಾತಾಡುವವರು.

“ನಮ್ಮ ಪೆಟಗಿ ನಾನ ಏರಸ್ತೀನಿ. ಆಮ್ಯಾಲೆ ನಾವೂ ಹತ್ತೂಣು.”

ಮರುವರ್ಷ ಜುಲೈನಲ್ಲಿ ಅವರು ಹೋದರು. ನಾನು ಆರು ದಿನ ಅಂಗಡಿ ನೋಡಿಕೊಂಡೆ. ಔಷಧಿ ಕೊಡುವುದಕ್ಕಿಂತ ಹಾಲು ಕೊಡುವುದು ಕಷ್ಟ. ಫ್ರಿಜ್ಜಿಗೆ ಒದ್ದು ಒದ್ದು ಕಾಲು ನೋವು ಬಂತು. ಬಂದವರೆಲ್ಲ ಕೇಳಿದ್ದು ಒಂದೇ, ಆಂಟಿಯಿಂದ ಸುದ್ದಿ ಬಂತಾ ಎಂದು. ಬಂದಿರಲಿಲ್ಲ. ಒಂದು ಫೋಟೋ ಇಲ್ಲ, ಮೆಸೇಜಿಲ್ಲ. ನಾಲ್ಕನೇ ದಿನದ ಹೊತ್ತಿಗೆ ನನಗೆ ನಿಜಕ್ಕೂ ಭಯವಾಯಿತು. ಇದ್ದ ಒಂದು ಕೇರ್ನ್ಸನ್ನೂ ಅವರಿಂದ ಕಸಿದುಕೊಂಡೆನೇನೋ ಎನ್ನಿಸಿತು.

ಶನಿವಾರ ಬೆಳಿಗ್ಗೆ ಆಂಟಿ ಜಾಕೆಟ್ಟು ಹಾಕಿಕೊಂಡು ಕೌಂಟರಿಗೆ ಬಂದರು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಅಂಗಡಿ ತುಂಬ ಜನ, ಎದುರು ಮನೆಯ ಅಜ್ಜನೂ ಪತ್ರಿಕೆ ತೆಗೆದುಕೊಂಡ ಮೇಲೂ ಹೋಗದೆ ನಿಂತಿದ್ದ. ಆಂಟಿ ಎತ್ತಿಟ್ಟಿದ್ದ ನಕ್ಷೆಯನ್ನು ತಂದು ಹಾಸಿ, ಪೆನ್ನಿನ ಮುಚ್ಚಳ ತೆಗೆದು ಎಲ್ಲೋ ಇಟ್ಟು, ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರು. ಅಷ್ಟು ನೋಡಿದ್ದೇ ನನ್ನ ಕಣ್ಣಲ್ಲಿ ನೀರು ಬಂತು.

ರೈಲು ಸರಿ, ಕೇಬಲ್ ಕಾರು ಸರಿ, ಬೋಟಿನ ನಡುವೆ ಕೂತರೂ ಯಜಮಾನರಿಗೆ ವಾಂತಿಯಾಯಿತು, ಅದನ್ನು ತಿದ್ದಿಕೊಳ್ಳಿ ಎಂದರು. ಹವಳಕ್ಕೆ ಫೋಟೋದಲ್ಲಿರುವಷ್ಟು ಬಣ್ಣವಿಲ್ಲ, ಆದರೆ ಮೀನು ಕಾಲ ಕೆಳಗೇ ಬಂತು. ಬಾವಲಿಗಳನ್ನು ಎಣಿಸಲು ಹೋಗಿ ಕುತ್ತಿಗೆ ಹಿಡಿದುಕೊಂಡಿತು. ಇಷ್ಟನ್ನು ಬೇಗ ಬೇಗ ಮುಗಿಸಿ, ಊರ ಮುಂದಿನ ನೀಲಿಯ ಮೇಲೆ ಬೆರಳಿಟ್ಟರು. ಅಲ್ಲಿಗೆ ಬರುವ ಅವಸರ ಅವರಿಗೆ.

ಮೂರು ದಿನ ಬೆಳಿಗ್ಗೆ ಅವರು ಅಲ್ಲಿ ಕೂತಿದ್ದರಂತೆ. ಒಂದೇ ದೊಡ್ಡ ಕೈಯಿರುವ ಸಣ್ಣ ಏಡಿಗಳು, ಕೆಸರಿನ ಮೇಲೆ ನಡೆದಾಡುವ ಮೀನು, ಕೊಕ್ಕಿಗೆ ಚೀಲ ಕಟ್ಟಿಕೊಂಡಂಥ ದೊಡ್ಡ ಬಿಳಿ ಹಕ್ಕಿ. ಆಮೇಲೆ ಸದ್ದಿಲ್ಲದೆ ಸಮುದ್ರ ವಾಪಸ್ ಬರುತ್ತದೆ, ಒಂದು ಕಡೆಯಿಂದ ಬರುವುದಿಲ್ಲ, ಎಲ್ಲ ಗುಂಡಿಗಳಲ್ಲೂ ಒಟ್ಟಿಗೆ ತುಂಬುತ್ತದೆ. ಅದನ್ನು ಆಂಟಿ ಹೇಳುವಾಗ ಯಾರೂ ಹಾಲಿನ ಚಿಂತೆ ಮಾಡಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿದರು.

“ಎಲ್ಲಾ ಮಂದಿ ಹೇಳಿದಂಗ ಐತಿ ತಂಗಿ. ಕೆಸರೊಂದ ನಾ ನೋಡಿದ್ದು.”

ಆಮೇಲೆ ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ದೊಡ್ಡ ಸುತ್ತು ಹಾಕಿ, ಪಕ್ಕದಲ್ಲಿ ಒಂದನೇ ನಂಬರ್ ಬರೆದರು. ಅದಾದ ಮೇಲೆ ಮೌಂಟ್ ರಾಸ್ಕಿಲ್‌ನಿಂದ ಹೋದ ಎಷ್ಟೋ ಅಪ್ಪ ಅಮ್ಮಂದಿರು ಹವಳಕ್ಕಿಂತ ಮೊದಲು ಕೆಸರು ನೋಡಿ ಬಂದರು.

ಕಳೆದ ವರ್ಷ ಅವರು ಅಂಗಡಿ ಮಾರಿ ನೆಲ್ಸನ್‌ನಲ್ಲಿರುವ ಮಗನ ಮನೆಯ ಹತ್ತಿರ ಹೋದರು. ಹೊರಡುವ ದಿನ ನಕ್ಷೆಯನ್ನು ಮಡಿಸಿ ನನ್ನ ಕೈಯಲ್ಲಿಟ್ಟರು. ನಾನು ಅವತ್ತು, ಎರಡು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟೆ, ತಪ್ಪಾಯ್ತು ಆಂಟಿ ಎಂದು. ನೀ ಅನ್ನದಿದ್ದರೆ ನಾನು ಹೋಗುತ್ತಿರಲಿಲ್ಲ ಬಿಡು ಎಂದರು. ಅವರು ಹಾಗೆಂದರೂ ನನ್ನ ಋಣ ತೀರಿಲ್ಲ. ಅವಮಾನ ಮಾಡಿದವಳ ಕೈಗೇ ಆರು ದಿನ ಅಂಗಡಿಯ ಬೀಗದ ಕೈ ಕೊಟ್ಟು ಹೋದವರು ಅವರು.

ಈಗ ಭಾನುವಾರ ನೆಲ್ಸನ್‌ನಿಂದ ಫೋನು ಬರುತ್ತದೆ. ಕೆಲಸ, ಮನೆ, ಊರಿಗೆ ಹೋಗಿಬಂದದ್ದು, ಎಲ್ಲವನ್ನೂ ನಾನು ಚೆನ್ನಾಗಿದೆ, ಚೆನ್ನಾಗಿತ್ತು ಎಂದು ಶುರುಮಾಡುತ್ತೇನೆ. ಈ ಊರಿನಲ್ಲಿ ಎಲ್ಲರಿಗೂ ಹಾಗೆಯೇ ಹೇಳಿ ಅಭ್ಯಾಸ. ಆಂಟಿ ಸ್ವಲ್ಪ ಹೊತ್ತು ಕೇಳಿಸಿಕೊಳ್ಳುತ್ತಾರೆ.

“ಚಲೋದು ಆಮ್ಯಾಲೆ ಹೇಳಿಯಂತ” ಎನ್ನುತ್ತಾರೆ. “ಮೊದಲ ಕೆಸರಿನ ಸುದ್ದಿ ಹೇಳು.”

ನಾನು ಕುರ್ಚಿ ಎಳೆದುಕೊಂಡು ಕೂತು ಹೇಳುತ್ತೇನೆ.